ಅದರ ಹೆಸರೇನಿತ್ತು? ಅರ್ಧ ಮರೆತ ಟಿವಿ ಕಾರ್ಯಕ್ರಮ ಹುಡುಕುವ ಬಗೆ

ಮೊದಲು ಫೋನ್ ಕೆಳಗಿಡಿ. ಯೂಟ್ಯೂಬ್ ತೆರೆಯುವ ಮೊದಲೇ, ನಿಮಗೆ ನೆನಪಿರುವುದನ್ನು ಒಂದು ಹಾಳೆಯ ಮೇಲೆ ಬರೆಯಿರಿ, ಎಷ್ಟೇ ಹುಚ್ಚು ಅನಿಸಿದರೂ ಪರವಾಗಿಲ್ಲ. ಒಂದು ಸಲ ನಾಲ್ಕು ವಿಡಿಯೋ ನೋಡಿಬಿಟ್ಟರೆ ಮುಗಿಯಿತು, ಆಮೇಲೆ ಅವುಗಳಲ್ಲಿ ನೋಡಿದ್ದು ಯಾವುದು, ಚಿಕ್ಕಂದಿನಲ್ಲಿ ನೋಡಿದ್ದು ಯಾವುದು ಅಂತ ನಿಮಗೇ ಗೊತ್ತಾಗುವುದಿಲ್ಲ.

ನನ್ನ ಹಾಳೆಯಲ್ಲಿ ಇದ್ದದ್ದು ಇಷ್ಟು: ಒಬ್ಬ ಮಿಮಿಕ್ರಿ ಕಲಾವಿದ, ಬಾಯಿಗೆ ಹಸಿರು ಕರ್ಚೀಫು, ರೈಲು ನಮ್ಮ ಕಲಬುರಗಿ ಕಡೆಯ ವಾಡಿ ಜಂಕ್ಷನ್‌ಗೆ ಬಂದು ನಿಲ್ಲುವ ಸದ್ದು, ಆಮೇಲೆ ಚಹಾ ಮಾರುವವನ ಕೂಗು. ಟಿವಿಯಲ್ಲೇ ನೋಡಿದ್ದು ಅಂತ ಇಪ್ಪತ್ತು ವರ್ಷ ವಾದ ಮಾಡಿದ್ದೇನೆ.

ಬರೆದಾಯಿತಾ? ಈಗ ಮನೆಯವರನ್ನು ಕೇಳಿ. ಆದರೆ "ಆ ಕಾರ್ಯಕ್ರಮ ಯಾವುದು" ಅಂತ ಕೇಳಬೇಡಿ, ಯಾರಿಗೂ ನೆನಪಿರುವುದಿಲ್ಲ. "ಆಗ ನಾವು ಯಾರ ಮನ್ಯಾಗ ಟಿವಿ ನೋಡ್ತಿದ್ವಿ" ಅಂತ ಕೇಳಿ. ಫರ್ಸಿ ಮೇಲೆ ನೀರು ಚೆಲ್ಲಿ ತಂಪು ಮಾಡಿ ಕೂತಿದ್ದು, ಮಾಳಿಗೆ ಹತ್ತಿ ಆಂಟೆನಾ ತಿರುಗಿಸಿದ್ದು, ಕೆಳಗಿನಿಂದ ಯಾರೋ "ಸಾಕು ಸಾಕು, ಅಲ್ಲೇ ಇರು" ಅಂದದ್ದು, ಸರಿಯಾದ ಹೊತ್ತಿಗೆ ಕರೆಂಟ್ ಹೋದದ್ದು, ಇವೆಲ್ಲ ಹೊರಗೆ ಬರುತ್ತವೆ. ಕಥೆಗಿಂತ ಇವೇ ಜಾಸ್ತಿ ಕೆಲಸಕ್ಕೆ ಬರುತ್ತವೆ, ಏಕೆಂದರೆ ಇವುಗಳಿಂದ ವರ್ಷ ಸಿಗುತ್ತದೆ.

ವರ್ಷ ಹಿಡಿಯಲು ಕೆಲವು ಗೂಟಗಳಿವೆ. ಭಾನುವಾರ ಬೆಳಗ್ಗೆ ಓಣಿ ಪೂರಾ ಖಾಲಿ ಆಗಿದ್ದು ರಾಮಾಯಣಕ್ಕಾದರೆ 1987-88, ಮಹಾಭಾರತಕ್ಕಾದರೆ 1988ರಿಂದ 1990. ಉದಯ ಟಿವಿ 1994ರಲ್ಲಿ ಶುರುವಾಯಿತು. ಶಕ್ತಿಮಾನ್ ಬಂದದ್ದು 1997ರಲ್ಲಿ. ಈಟಿವಿ ಕನ್ನಡ 2000ದ ಕೊನೆಗೆ ಬಂತು, ಅದು ಈಗ ಕಲರ್ಸ್ ಕನ್ನಡ ಆಗಿದೆ, ಹಾಗಾಗಿ ಹುಡುಕುವಾಗ ಎರಡೂ ಹೆಸರು ಹಾಕಿ. ಸರಿ ಉತ್ತರಕ್ಕೆ ಪುಸ್ತಕವೇ ಬಹುಮಾನವಾಗಿದ್ದ ಕ್ವಿಜ್ ನೆನಪಿದ್ದರೆ ಅದು ಚಂದನದ ಥಟ್ ಅಂತ ಹೇಳಿ, 2002ರದು. ಮನೆಯಲ್ಲಿ ಅಕ್ಕ ಎರಡು ರೂಪಾಯಿಯ ಸ್ಪರ್ಧೆ ಪೋಸ್ಟ್‌ಕಾರ್ಡ್ ತಂದು ಉತ್ತರ ಬರೆಯುತ್ತಿದ್ದಳು ಅಂದರೆ ಬಹುಶಃ ದೂರದರ್ಶನದ ಸುರಭಿ.

ನಮ್ಮ ಕಡೆ ಇನ್ನೂ ಹಳೆಯ ಗೂಟ ಒಂದಿದೆ. ಅಜ್ಜ "ಎಪ್ಪತ್ತೈದರಾಗೇ ನಾವು ಟಿವಿ ನೋಡೀವಿ" ಅಂದರೆ ನಗಬೇಡಿ. ಅಮೆರಿಕದ ಎಟಿಎಸ್-6 ಉಪಗ್ರಹ ಬಳಸಿ 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಹಳ್ಳಿಗಳಿಗೆ ಟಿವಿ ತೋರಿಸುವ 'ಸೈಟ್' ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ ಜಿಲ್ಲೆಗಳಲ್ಲಿ ನಮ್ಮ ಗುಲ್ಬರ್ಗವೂ ಒಂದು, ಯಾದಗಿರಿ ಆಗ ಇದೇ ಜಿಲ್ಲೆಯಲ್ಲಿತ್ತು. ಬೆಂಗಳೂರಿಗೆ ಟಿವಿ ಬಂದದ್ದು 1981ರಲ್ಲಿ! ಈ ಒಂದು ವಿಷಯದಲ್ಲಿ ನಾವು ಮುಂದಿದ್ದೆವು, ಅದನ್ನು ಯಾರೂ ಹೇಳುವುದಿಲ್ಲ. ಅಜ್ಜನ ನೆನಪಿನಲ್ಲಿ ಊರ ಮಂದಿಯೆಲ್ಲ ಕೂತು ನೋಡುವ ಒಂದೇ ಟಿವಿ, ಪಕ್ಕದಲ್ಲಿ ಜಾಳಿಗೆಯ ದೊಡ್ಡ ಛತ್ರಿಯಂಥ ಆಂಟೆನಾ ಇದ್ದರೆ ಅದು ಸೈಟ್ ಕಾಲದ್ದೇ.

ಆಮೇಲೆ ಭಾಷೆ. ಕಲಬುರಗಿ, ಬೀದರ್ ಕಡೆಯವರಿಗೆ ಇದೇ ದೊಡ್ಡ ತೊಡಕು. ಓಣಿಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ದಖನಿ, ಸೇಡಂ, ಚಿಂಚೋಳಿ ಕಡೆಯ ಬೀಗರ ಮನೆಯಲ್ಲಿ ತೆಲುಗು. ನೆನಪು ಎಲ್ಲವನ್ನೂ ಒಂದೇ ಭಾಷೆಗೆ ಡಬ್ ಮಾಡಿ ಇಟ್ಟುಕೊಂಡಿರುತ್ತದೆ. ಮಾಲ್ಗುಡಿ ಡೇಸ್ ಚಿಕ್ಕಂದಿನಲ್ಲಿ ಕನ್ನಡದಲ್ಲೇ ನೋಡಿದ್ದು ಅಂತ ಆಣೆ ಮಾಡುವವರು ನನ್ನ ಮನೆಯಲ್ಲೇ ಮೂವರಿದ್ದಾರೆ. ಶಂಕರ್ ನಾಗ್ ಅದನ್ನು ಆಗುಂಬೆಯಲ್ಲಿ ಹಿಂದಿ ಮತ್ತು ಇಂಗ್ಲಿಷಿನಲ್ಲಿ ತೆಗೆದದ್ದು, ಕನ್ನಡ ಡಬ್ಬಿಂಗ್ ಬಂದದ್ದು ಬಹಳ ವರ್ಷದ ನಂತರ. ಊರು ನಮ್ಮದು, ಮುಖಗಳು ನಮ್ಮವು, ಹಾಗಾಗಿ ಮಾತೂ ನಮ್ಮದೇ ಅಂತ ತಲೆ ಸೇರಿಸಿಕೊಂಡಿತು. ಇನ್ನೊಂದು, ಎಸ್‌ಪಿಬಿ ಮಕ್ಕಳ ಹಾಡು ಕೇಳಿ ತಿದ್ದುತ್ತಿದ್ದ ಕಾರ್ಯಕ್ರಮ. ಒಬ್ಬರು ಎದೆ ತುಂಬಿ ಹಾಡುವೆನು ಅನ್ನುತ್ತಾರೆ, ಇನ್ನೊಬ್ಬರು ಪಾಡುತಾ ತೀಯಗಾ ಅನ್ನುತ್ತಾರೆ. ಜಗಳ ಬೇಡ, ಇಬ್ಬರೂ ಸರಿ. ಒಂದು ಕನ್ನಡದ್ದು, ಒಂದು ತೆಲುಗಿನದು. ಆದ್ದರಿಂದ ಒಂದು ಭಾಷೆಯಲ್ಲಿ ಸಿಗದಿದ್ದರೆ ಸುಮ್ನೆ ಕೂರಬೇಡಿ, ಹಿಂದಿ, ತೆಲುಗು, ಮರಾಠಿಯಲ್ಲೂ ನೋಡಿ.

ಈಗ ಫೋನ್ ತೆಗೆಯಿರಿ. ಹೆಸರನ್ನು ಕನ್ನಡ ಅಕ್ಷರದಲ್ಲಿ ಒಮ್ಮೆ ಟೈಪ್ ಮಾಡಿ, ಇಂಗ್ಲಿಷ್ ಅಕ್ಷರದಲ್ಲಿ ಮೂರ್ನಾಲ್ಕು ಬಗೆಯಲ್ಲಿ ಟೈಪ್ ಮಾಡಿ. 'ಗುಡ್ಡದ ಭೂತ' ಧಾರಾವಾಹಿಯ ಭೂತಕ್ಕೇ ಎಷ್ಟು ಸ್ಪೆಲ್ಲಿಂಗ್ ಇವೆ ನೋಡಿ. ಹೆಸರು ಹೋಗಿ ಶೀರ್ಷಿಕೆ ಹಾಡಿನ ಧಾಟಿ ಮಾತ್ರ ಉಳಿದಿದ್ದರೆ ಗೂಗಲ್ ಆ್ಯಪ್‌ನಲ್ಲಿ ಮೈಕ್ ಒತ್ತಿ, ಹಾಡು ಹುಡುಕುವ ಬಟನ್ ಒತ್ತಿ, ಹತ್ತು ಹದಿನೈದು ಸೆಕೆಂಡ್ ಗುನುಗಿ. ಹಳೆಯ ಧಾರಾವಾಹಿ ಹಾಡು ಪ್ರತಿ ಸಲ ಸಿಗುವುದಿಲ್ಲ, ಆದರೂ ಕಾಸು ಖರ್ಚಿಲ್ಲವಲ್ಲ. ಪ್ರಸಾರ ಭಾರತಿ ಆರ್ಕೈವ್ಸ್ ಮತ್ತು ಚಂದನದ ಯೂಟ್ಯೂಬ್ ಚಾನೆಲ್‌ಗಳನ್ನು ನೋಡಲೇಬೇಕು. ವಿಡಿಯೋ ಕೆಳಗಿನ ಕಾಮೆಂಟ್‌ಗಳನ್ನೂ ಓದಿ, ಎಷ್ಟೋ ಸಲ ನೀವು ಹುಡುಕುತ್ತಿರುವ ಹೆಸರನ್ನು ಅಲ್ಲಿ ಯಾರೋ ಬರೆದಿರುತ್ತಾರೆ.

ಮನೆಯ ಅಟ್ಟದ ಮೇಲೆ ವಿಸಿಆರ್ ಕ್ಯಾಸೆಟ್ ಇದ್ದರೆ ಅದೃಷ್ಟ. ಮದುವೆ ಕ್ಯಾಸೆಟ್ ಆದರೂ ಬಿಸಾಡಬೇಡಿ, ಮದುವೆ ಮುಗಿದ ಮೇಲೆ ಉಳಿದ ಟೇಪಿನಲ್ಲಿ ಯಾರಾದರೂ ಟಿವಿ ರೆಕಾರ್ಡ್ ಮಾಡಿರಬಹುದು. ಆದರೆ ಕ್ಯಾಸೆಟ್ಟಿನ ಕಿಟಕಿಯಲ್ಲಿ ಬಿಳಿ ಬೂಷ್ಟು ಕಂಡರೆ ಹಾಗೇ ಹಾಕಬೇಡಿ, ಟೇಪೂ ಹೋಗುತ್ತದೆ, ಮಷಿನ್ನಿನ ಹೆಡ್ಡೂ ಕೊಳೆಯಾಗುತ್ತದೆ. ಟೇಪನ್ನು ಕಂಪ್ಯೂಟರಿಗೆ ಹಾಕಿಕೊಡುವ ಸ್ಟುಡಿಯೋದವರಿಗೆ ಕೊಡಿ. ನಮ್ಮ ಬೇಸಿಗೆಯಲ್ಲಿ ತಗಡಿನ ಕೆಳಗೆ ಇಟ್ಟ ಟೇಪು ಜಾಸ್ತಿ ದಿನ ಕಾಯುವುದಿಲ್ಲ.

ಹಾಸ್ಯ, ಮಿಮಿಕ್ರಿ ಮಾಡುವವರನ್ನು ಹುಡುಕುವಾಗ ಮಾತ್ರ ಬೇರೆ ಲೆಕ್ಕ. ಅವರು ಟಿವಿಗಿಂತ ಹೆಚ್ಚಾಗಿ ನಮಗೆ ಸಿಕ್ಕಿದ್ದು ವೇದಿಕೆಯ ಮೇಲೆ, ಆಡಿಯೋ ಕ್ಯಾಸೆಟ್ಟಿನಲ್ಲಿ. ಮಿಮಿಕ್ರಿ ದಯಾನಂದ್ ಆಗಲಿ, ಗಂಗಾವತಿ ಪ್ರಾಣೇಶ್ ಆಗಲಿ, ಮೊದಲು ಕಿವಿಗೆ ಬಿದ್ದು ಆಮೇಲೆ ಟಿವಿಯಲ್ಲಿ ಕಂಡವರು ಬಹಳ ಮನೆಗಳಲ್ಲಿ. ಹಾಗಾಗಿ ಕಂಡದ್ದಾ, ಕೇಳಿದ್ದಾ ಅಂತ ನಿಮ್ಮನ್ನು ನೀವೇ ಕೇಳಿಕೊಳ್ಳಿ.

ನನ್ನ ಕರ್ಚೀಫಿನವನನ್ನು ಹಿಡಿದುಕೊಟ್ಟದ್ದು ಕಾಕಾ. ಎಲ್ಲ ಚಾನೆಲ್ ಜಾಲಾಡಿ ಸೋತು ಅವರ ಮುಂದೆ ಹಾಳೆ ಇಟ್ಟೆ. ಓದಿ ನಕ್ಕರು.

"ಅಲ್ಲೋ ತಮ್ಮಾ, ಬೆಂಗಳೂರಾಗ ಕುಂತು ಟಿವಿ ಮಾಡೋರಿಗಿ ವಾಡಿ ಸ್ಟೇಷನ್ ಯಾಕ ಬೇಕಾಗಿತ್ತು?"

ಹೌದಲ್ವಾ! ಅದು ಟಿವಿ ಅಲ್ಲವೇ ಅಲ್ಲ, ಕಲಬುರಗಿಯ ಶರಣಬಸವೇಶ್ವರ ಜಾತ್ರೆಯಲ್ಲಿ ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದು. ಟಿವಿಯಷ್ಟೇ ಚಿಕ್ಕದಾಗಿ ಕಂಡಿರಬೇಕು, ಅಷ್ಟು ದೂರದಿಂದ. ನಿಮ್ಮ ನೆನಪಿನಲ್ಲೂ ಇಂಥ ಊರಿನ ಹೆಸರು, ಅಂಗಡಿ ಹೆಸರು, ಬಸ್ ಸ್ಟ್ಯಾಂಡ್ ಏನಾದರೂ ಇದೆಯಾ ನೋಡಿ, ಇದ್ದರೆ ಟಿವಿ ಬಿಟ್ಟು ಜಾತ್ರೆ, ಗಣಪತಿ ಪೆಂಡಾಲು, ಶಾಲೆ ಗ್ಯಾದರಿಂಗ್ ಕಡೆ ಹುಡುಕಿ.

ಜಾತ್ರೆಯದ್ದನ್ನು ಯಾರೂ ರೆಕಾರ್ಡ್ ಮಾಡಿರಲಿಲ್ಲ. ಆದರೆ ಕಾಕಾಗೆ ಪೂರ್ತಿ ಬಾಯಿಪಾಠ ಇತ್ತು, ಬ್ರೇಕಿನ ಕಿರ್ರ್ ಸದ್ದಿನಿಂದ ಹಿಡಿದು ಚಹಾದವನ ಕೂಗಿನ ತನಕ, ನಡುವೆ ಹಲ್ಲು ಸೆಟ್ಟು ಜಾರಿದ್ದರಿಂದ ಎರಡು ಸಲ ನಿಲ್ಲಿಸಿದರು. ಫೋನಿನಲ್ಲಿ ತುಂಬಿಕೊಂಡಿದ್ದೇನೆ, ನಾಲ್ಕು ನಿಮಿಷ ಇದೆ. ಫೈಲಿಗೆ 'ವಾಡಿ ರೈಲು, ಕಾಕಾ' ಅಂತ ಹೆಸರಿಟ್ಟಿದ್ದೇನೆ, ವರ್ಷ ಸಹಿತ.