ಶಾಲೆಯಲ್ಲಿ ಮಧ್ಯಾಹ್ನದ ಇನ್ಸುಲಿನ್: ಟೈಪ್ 1 ಮಧುಮೇಹವಿರುವ ಮಗುವಿಗೆ ಮಾಡಬೇಕಾದ ಏರ್ಪಾಡು

ಟೈಪ್ 1 ಮಧುಮೇಹವಿರುವ ಮಗುವಿನ ಬೆಳಗಿನ ಮತ್ತು ರಾತ್ರಿಯ ಇನ್ಸುಲಿನ್ ಮನೆಯವರ ಕಣ್ಣೆದುರೇ ಆಗುತ್ತದೆ. ಮಧ್ಯಾಹ್ನದ ಡೋಸ್ ಮಾತ್ರ ಶಾಲೆಯ ಪಾಲಿಗೆ ಬರುತ್ತದೆ. ಚುಚ್ಚಿಕೊಳ್ಳುವುದನ್ನು ಮಕ್ಕಳು ಸಾಮಾನ್ಯವಾಗಿ ಬೇಗ ಕಲಿಯುತ್ತಾರೆ, ಆದರೆ ಹೊತ್ತು ತಪ್ಪುವುದೇ ಅಲ್ಲಿನ ದೊಡ್ಡ ತೊಂದರೆ.

ಆದ್ದರಿಂದ ಮಗುವಿಗೆ ಬರೆದಿರುವುದು ಯಾವ ಬಗೆಯ ಇನ್ಸುಲಿನ್ ಎಂಬುದನ್ನು ಮೊದಲು ವೈದ್ಯರಿಂದ ಸ್ಪಷ್ಟಪಡಿಸಿಕೊಳ್ಳಿ. ರೆಗ್ಯುಲರ್ ಇನ್ಸುಲಿನ್ ಆಗಿದ್ದರೆ ಅದನ್ನು ಊಟಕ್ಕೆ ಸುಮಾರು 30 ನಿಮಿಷ ಮೊದಲೇ ತೆಗೆದುಕೊಳ್ಳಬೇಕು. ಅಂದರೆ ಒಂದು ಗಂಟೆಗೆ ಊಟದ ಬೆಲ್ ಹೊಡೆಯುವ ಶಾಲೆಯಲ್ಲಿ ಮಗು ಹನ್ನೆರಡೂವರೆಗೆ ಪಾಠದ ನಡುವೆಯೇ ಎದ್ದು ಹೋಗಬೇಕಾಗುತ್ತದೆ, ಮತ್ತು ಆ ಪೀರಿಯಡ್ಡಿನ ಶಿಕ್ಷಕರಿಗೆ ಈ ಸಂಗತಿ ಮೊದಲೇ ತಿಳಿದಿರಬೇಕು. ಲಿಸ್‌ಪ್ರೊ, ಆಸ್ಪಾರ್ಟ್‌ನಂಥ ಬೇಗ ಕೆಲಸ ಮಾಡುವ ಇನ್ಸುಲಿನ್‌ಗಳನ್ನು ಊಟಕ್ಕೆ ಸ್ವಲ್ಪವೇ ಮೊದಲು ತೆಗೆದುಕೊಂಡರೆ ಸಾಕು. ಯಾವುದೇ ಆಗಲಿ, ಚುಚ್ಚಿದ ಮೇಲೆ ಊಟ ತಡವಾದರೆ ಸಕ್ಕರೆ ಇಳಿಯುತ್ತದೆ. ಬಿಸಿಯೂಟ ತಡವಾಗುವ ದಿನಕ್ಕೆಂದು ಬ್ಯಾಗಿನಲ್ಲಿ ಬಿಸ್ಕತ್ತೋ ಚಪಾತಿಯೋ ಇರಲಿ. ಸರ್ಕಾರಿ ಶಾಲೆಯಲ್ಲಿ ಕೊಡುವ ಹಾಲು, ಬಾಳೆಹಣ್ಣುಗಳನ್ನೂ ವೈದ್ಯರಿಗೆ ತಿಳಿಸಿ ಡೋಸ್ ಹೊಂದಿಸಿಕೊಳ್ಳಬಹುದು. ಮಗುವೊಂದನ್ನೇ ಪಂಕ್ತಿಯಿಂದ ಎಬ್ಬಿಸುವುದಕ್ಕಿಂತ ಅದು ಎಷ್ಟೋ ಮೇಲು.

ಶಾಲೆಗೆ ಕೊಡುವ ಸೂಚನೆ ಒಂದೇ ಪುಟದಲ್ಲಿರಲಿ, ಅದರಲ್ಲಿ ವೈದ್ಯರ ಸಹಿಯಿರಲಿ. ಎಷ್ಟು ಯೂನಿಟ್, ಯಾವ ಹೊತ್ತಿಗೆ, ರಕ್ತದ ಸಕ್ಕರೆ ಎಷ್ಟಿದ್ದರೆ ಮನೆಗೆ ಫೋನ್ ಮಾಡಬೇಕು ಎಂಬಷ್ಟು ಸಾಕು. ಡೋಸ್ ನಿರ್ಧರಿಸುವ ಹೊರೆಯನ್ನು ಶಿಕ್ಷಕರ ಮೇಲೆ ಹಾಕಬೇಡಿ. ಮೇಲ್ವಿಚಾರಣೆಗೆ ಒಬ್ಬರನ್ನೂ ಅವರು ರಜೆಯಲ್ಲಿದ್ದಾಗ ನೋಡಿಕೊಳ್ಳಲು ಇನ್ನೊಬ್ಬರನ್ನೂ ಮುಖ್ಯ ಶಿಕ್ಷಕರಿಂದಲೇ ಗೊತ್ತುಮಾಡಿಸಿಕೊಳ್ಳಿ. ಚುಚ್ಚಿಕೊಳ್ಳಲು ಸ್ಟಾಫ್ ರೂಮಿನ ಒಂದು ಮೂಲೆ ಸಾಕು, ಶೌಚಾಲಯ ಬೇಡ. ಬೆರಳಿನಿಂದ ರಕ್ತ ತೆಗೆಯುವ ಮುನ್ನ ಮಗು ಕೈ ತೊಳೆದು ಒರೆಸಿಕೊಳ್ಳಬೇಕು. ಹಣ್ಣಿನ ರಸ ಅಂಟಿದ್ದರೆ ಗ್ಲುಕೋಮೀಟರ್ ಸುಳ್ಳೇ ಹೆಚ್ಚು ತೋರಿಸುತ್ತದೆ.

ಬೆವರು, ನಡುಕ, ಹಸಿವು, ಕಾರಣವಿಲ್ಲದ ಸಿಟ್ಟು ಅಥವಾ ಮಂಕುತನ ಕಂಡರೆ, ಅದರಲ್ಲೂ ಆಟದ ಪೀರಿಯಡ್ಡಿನ ನಂತರ ಕಂಡರೆ, ಶುಗರ್ ಇಳಿದಿದೆಯೆಂದು ಶಂಕಿಸಿ ತಕ್ಷಣ ಪರೀಕ್ಷಿಸಬೇಕು. ಸಕ್ಕರೆ 70 mg/dLಗಿಂತ ಕಡಿಮೆಯಿದ್ದರೆ ವೈದ್ಯರು ಹೇಳಿದಷ್ಟು, ದೊಡ್ಡ ಮಕ್ಕಳಿಗೆ ಸಾಮಾನ್ಯವಾಗಿ 15 ಗ್ರಾಂ, ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷದ ನಂತರ ಮತ್ತೆ ನೋಡಬೇಕು. ಅಳೆಯಲು ಮೀಟರ್ ಕೈಗೆ ಸಿಗದಿದ್ದರೆ ಕಾಯದೆ ಗ್ಲೂಕೋಸ್ ಕೊಡಬೇಕು. ಮಗುವನ್ನು ಒಂಟಿಯಾಗಿ ಮನೆಗೆ ಕಳುಹಿಸಬಾರದು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ, ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಬೇಕು.

ಬಳಕೆಯಲ್ಲಿರುವ ಸಾಮಾನ್ಯ ಇನ್ಸುಲಿನ್ ಬಾಟಲಿ ತಂಪಾದ ಕೋಣೆಯಲ್ಲಿ ಸುಮಾರು 28 ದಿನ ಕೆಡುವುದಿಲ್ಲ. ತೆರೆದ ತಾರೀಖನ್ನು ಅದರ ಮೇಲೆಯೇ ಬರೆಯಿರಿ. ಫ್ರಿಜ್ ಇಲ್ಲದ ಶಾಲೆಯಲ್ಲಿ, ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಂತೂ, ಬಾಟಲಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ, ಹೊರಮೈ ಒದ್ದೆಯಿರುವ ಮಣ್ಣಿನ ಮಡಕೆಯೊಳಗೆ ನೆರಳಿನಲ್ಲಿಡುವುದು ಚೆನ್ನಾಗಿ ನಡೆಯುತ್ತದೆ. ಬಳಸಿದ ಸೂಜಿಗಳನ್ನು ಮುಚ್ಚಳವಿರುವ ಗಟ್ಟಿ ಡಬ್ಬಿಯಲ್ಲಿ ಮನೆಗೆ ತರಿಸಿಕೊಳ್ಳಿ.

ಶಾಲೆ ಹಿಂಜರಿದರೆ, ಇಂಥ ಮಕ್ಕಳಿಗೆ ತರಗತಿಯಲ್ಲಿ ಪರೀಕ್ಷೆ, ಇನ್ಸುಲಿನ್ ಮತ್ತು ತಿಂಡಿಗೆ ಅವಕಾಶ ಕೊಡಬೇಕೆಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು 2023ರಲ್ಲಿ ರಾಜ್ಯಗಳಿಗೆ ಬರೆದದ್ದನ್ನು ತೋರಿಸಿ. ಸಿಬಿಎಸ್‌ಇ 2017ರಲ್ಲೇ ಬೋರ್ಡ್ ಪರೀಕ್ಷೆಯ ಕೊಠಡಿಗೆ ತಿಂಡಿ ಒಯ್ಯಲು ಅನುಮತಿ ನೀಡಿದೆ. ಅದಕ್ಕೆ ವೈದ್ಯರ ಪ್ರಮಾಣಪತ್ರ ಬೇಕಾಗುವುದರಿಂದ ಅದನ್ನು ಪರೀಕ್ಷೆಗೆ ಸಾಕಷ್ಟು ಮುಂಚೆಯೇ ಮಾಡಿಸಿಟ್ಟುಕೊಳ್ಳಿ.