ಬಾವಿಯ ಅಂಚಿನಲ್ಲಿ ನಾನು ಹಾಕುವ ಗಂಟುಗಳು

ದಾವಣಗೆರೆ, ಚಿತ್ರದುರ್ಗದ ಕಡೆ ನಮ್ಮ ಅಗ್ನಿಶಾಮಕ ದಳದ ರಕ್ಷಣಾ ಹಗ್ಗಕ್ಕೆ ಬೆಂಕಿಗಿಂತ ಬಾವಿಯ ಕೆಲಸವೇ ಜಾಸ್ತಿ. ತೋಟದ ತೆರೆದ ಬಾವಿ, ಒಳಗೆ ಬಿದ್ದ ಹಸು ಅಥವಾ ಆಳು, ಅಂಚಿಗೆ ಒರಟು ಕಲ್ಲಿನ ಕಟ್ಟೆ.

ಮೊದಲು ಆಸರೆ. ಹಳೇ ರಾಟೆಯ ಕಂಬವನ್ನು ನಂಬುವುದಿಲ್ಲ. ಬೇವಿನ ಮರದ ಬುಡವೋ, ಗಾಡಿಯ ಚಾಸಿಯೋ ಆಗಬೇಕು. ಹಗ್ಗವನ್ನು ಬುಡಕ್ಕೆ ಪೂರ್ತಿ ಎರಡು ಸುತ್ತು ಹಾಕಿ, ಭಾರದ ಹಗ್ಗದ, ಅಂದರೆ ಭಾರ ಹೊರುವ ಕಡೆಯ ಎಳೆಯ, ಮೇಲೆ ಎರಡು ಅರೆಗಂಟು. ಬರೀ ಕ್ಲೋವ್ ಹಿಚ್ (ಕಂಬಕ್ಕೆ ಎರಡು ಸುತ್ತು ಹಾಕಿ ತುದಿಯನ್ನು ಸುತ್ತಿನಡಿ ತೂರಿಸುವ ಗಂಟು) ನುಣುಪು ಕಂಬದ ಮೇಲೆ ಎಳೆತ ಬಂದಂತೆಲ್ಲ ಉರುಳುತ್ತದೆ, ತುದಿ ಒಳಕ್ಕೆ ಸರಿಯುತ್ತದೆ.

ಇನ್ನು ಬೋಲೈನ್, ಅಂದರೆ ಎಳೆದರೂ ಬಿಗಿಯದೆ ಅದೇ ಅಳತೆಯಲ್ಲಿ ನಿಲ್ಲುವ ಕುಣಿಕೆಯ ಗಂಟು. ತುದಿಯಿಂದ ಒಂದೂವರೆ ಮೀಟರ್ ಬಿಟ್ಟು ಸಣ್ಣ ಉಂಗುರ ಮಾಡಿ. ತುದಿಯ ಕಡೆಯ ಹಗ್ಗ ಮೇಲೆ, ಭಾರದ ಹಗ್ಗ ಕೆಳಗೆ ಬರಬೇಕು. ತುದಿಯನ್ನು ಉಂಗುರದ ಕೆಳಗಿನಿಂದ ಮೇಲಕ್ಕೆ ತಂದು, ಭಾರದ ಹಗ್ಗದ ಹಿಂದಿನಿಂದ ಬಳಸಿ, ಅದೇ ಉಂಗುರದಲ್ಲಿ ಕೆಳಗಿಳಿಸಿ ಬಿಗಿಯಿರಿ. ಉಂಗುರ ತಿರುಗುಮುರುಗಾದರೆ ಗಂಟು ಬಿಚ್ಚಿಹೋಗುತ್ತದೆ, ಇಲ್ಲವೇ ಜೀರುಗುಣಿಕೆಯಾಗಿ ಕೊರಳಿಗೋ ಎದೆಗೋ ಬಿಗಿಯುತ್ತದೆ. ಹೊಸಬರು ಕತ್ತಲಲ್ಲಿ, ಒದ್ದೆ ಕೈಯಲ್ಲಿ ತಪ್ಪುವುದು ಇಲ್ಲೇ. 12 ಮಿ.ಮೀ. ಹಗ್ಗಕ್ಕೆ ಕನಿಷ್ಠ 30 ಸೆಂ.ಮೀ. ಬಾಲ ಬಿಟ್ಟು, ಅದನ್ನು ಕುಣಿಕೆಯ ಪಕ್ಕದ ಎಳೆಗೆ ಎರಡು ಸುತ್ತಿನ ಗಂಟಿನಿಂದ ಕಟ್ಟುತ್ತೇನೆ. ಭಾರ ಬಂದು ಹೋಗಿ ಮಾಡುವಾಗ ಬಿರುಸಾದ ನೈಲಾನ್ ಹಗ್ಗದಲ್ಲಿ ಬೋಲೈನ್ ಸಡಿಲವಾಗುತ್ತದೆ.

ಅದಕ್ಕೇ ಆಳು ಇಳಿಯುವ ಹಗ್ಗಕ್ಕೆ ಎಂಟರ ಗಂಟು (8ರ ಆಕಾರದ್ದು) ನನ್ನ ಆಯ್ಕೆ. ಎಂಟು ಹಾಕಿ, ತುದಿಯನ್ನು ಮೈಗೆ ತೊಡುವ ಪಟ್ಟಿಗಳ ಹಾರ್ನೆಸ್‌ನಲ್ಲಿ ತೂರಿಸಿ, ಬಂದ ದಾರಿಯಲ್ಲೇ ಹಿಂದಕ್ಕೆ ನಡೆಸುತ್ತೇನೆ. ಎಳೆಗಳು ಜೋಡಿಜೋಡಿಯಾಗಿ, ಎಲ್ಲೂ ಅಡ್ಡ ಬೀಳದೆ ಕಂಡರೆ ಸರಿ. ಕಟ್ಟಿದವನಲ್ಲದ ಇನ್ನೊಬ್ಬ ಟಾರ್ಚ್ ಹಾಕಿ ನೋಡಿ, ಬೆರಳಿಂದ ಮುಟ್ಟಿ ಹೇಳಬೇಕು. ಗಂಟು ಹಾಕಿದ ಕಡೆ ಹಗ್ಗದ ತಾಕತ್ತು ಸುಮಾರು ಕಾಲು ಭಾಗದಷ್ಟು ಕುಗ್ಗುತ್ತದೆ. ಬೋಲೈನ್‌ನಲ್ಲಿ ಇನ್ನೂ ಜಾಸ್ತಿ.

ಆದರೆ ಹಗ್ಗ ತುಂಡಾಗುವುದು ಬಹುಪಾಲು ಕಲ್ಲಿನ ಅಂಚಿನಲ್ಲಿ. ಸವೆದ ಡೆಲಿವರಿ ಹೋಸನ್ನು (ಬೆಂಕಿಗೆ ನೀರು ಹಾಯಿಸುವ ಕೊಳವೆ) ಉದ್ದಕ್ಕೆ ಸೀಳಿ ಕಟ್ಟೆಯ ಮೇಲೆ ಹಾಸುತ್ತೇನೆ, ಇಲ್ಲದಿದ್ದರೆ ಒದ್ದೆ ಗೋಣಿಚೀಲ ನಾಲ್ಕು ಮಡಿಕೆ. ಹಸು ಎತ್ತುವಾಗಲೂ ಹಳೇ ಹೋಸೇ ಬೇಕು: ಮುಂಗಾಲಿನ ಹಿಂದೆ ಒಂದು ಪಟ್ಟಿ, ಹಿಂಗಾಲಿನ ಮುಂದೆ ಇನ್ನೊಂದು. ಬರೀ ಹಗ್ಗ ಹಾಕಿದರೆ ಹೊಟ್ಟೆ ಕೊರೆಯುತ್ತದೆ. ಕೆಚ್ಚಲು ಪಟ್ಟಿಗೆ ಸಿಕ್ಕದಂತೆ ನೋಡಿಕೊಳ್ಳಬೇಕು. ಊರವರು ಮೊದಲೇ ಕೊರಳಿಗೆ ಹಗ್ಗ ಹಾಕಿರುತ್ತಾರೆ; ಅದು ತಲೆ ನೀರಿನ ಮೇಲಿರಲಿ ಅಂತ ಹಿಡಿಯೋಕಷ್ಟೇ, ಎಳೆಯೋಕಲ್ಲ.

ಪ್ರುಸಿಕ್‌ಗೆ 6–7 ಮಿ.ಮೀ. ದಾರದ ಕುಣಿಕೆ, ಮುಖ್ಯ ಹಗ್ಗದ ಮೇಲೆ ಮೂರು ಸುತ್ತು; ಭಾರ ಬಿದ್ದರೆ ಹಗ್ಗವನ್ನು ಕಚ್ಚಿ ಹಿಡಿಯುವ, ಭಾರ ಇಲ್ಲದಾಗ ಜರುಗಿಸಬಹುದಾದ ಗಂಟು ಇದು. ಹಗ್ಗಕ್ಕೆ ಕೆಸರು ಮೆತ್ತಿದ್ದರೆ ನಾಲ್ಕು, ಆಗಲೂ ಮೊದಲು ನೆಲದ ಮೇಲೆ ಜಗ್ಗಿ ನೋಡುತ್ತೇನೆ.

ಎತ್ತಿದ ಮೇಲೆ ಬೋಲೈನ್ ಬಿಗಿದುಕೊಂಡಿದ್ದರೆ ಕೊಯ್ಯಬೇಡಿ. ಭಾರದ ಹಗ್ಗದ ಹಿಂದೆ ಬಳಸಿದ ಮಡಿಕೆಯನ್ನು ಹೆಬ್ಬೆರಳಿಂದ ಹಿಂದಕ್ಕೆ ಒತ್ತಿದರೆ ಬಿಟ್ಟುಕೊಳ್ಳುತ್ತದೆ. ನೆನೆದ ಮನಿಲಾ ಹಗ್ಗ ಉಬ್ಬಿ ಹಟ ಮಾಡುತ್ತದೆ. ಗಂಟನ್ನು ಕಟ್ಟಿಗೆಯ ಮೇಲಿಟ್ಟು ಮರದ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಸಡಿಲಿಸಿ.