ಅಟ್ಟದ ಮೇಲಿನ ಕಾವಲಿ ಮೊದಲು ಕೆಳಗಿಳಿಸಿ

ದೋಸೆ ಒಂದು ದಿನ ಅಂಟಿತು ಅಂದರೆ ಸಾಕು, ಫೋನಿನಲ್ಲೇ ಹೊಸ ತವಾ ತರಿಸಿಬಿಡುತ್ತಾರೆ. ಇದನ್ನು ನೋಡಿ ನೋಡಿ ಸಾಕಾಗಿಯೇ ಬರೆಯಲು ಕೂತಿದ್ದೇನೆ. ಯಾರ ಅಡುಗೆಮನೆಗೆ ಹೋದರೂ ಸಿಂಕಿನ ಕೆಳಗೆ ಪದರ ಎದ್ದ ನಾನ್‌ಸ್ಟಿಕ್ ತವಾ ಎರಡು, ಒಲೆಯ ಮೇಲೆ ಮೂರನೆಯದು. ಮನೆಯ ಹಳೇ ಕಬ್ಬಿಣದ ಕಾವಲಿ ಅಟ್ಟದ ಮೇಲೆ ತುಕ್ಕು ತಿನ್ನುತ್ತಿರುತ್ತದೆ. ಆಮೇಲೆ ಮನೆ ಚಿಕ್ಕದಾಯಿತು, ಕಪಾಟು ಸಾಲದು ಅನ್ನುವ ಗೊಣಗಾಟ.

ಮಿಕ್ಸಿಯದೂ ಇದೇ ಕಥೆ. ಜಾರಿನ ಬುಡದಲ್ಲಿ ನೀರು ಸೋರಿದರೆ ಬ್ಲೇಡಿನ ಕಡ್ಡಿ ತಿರುಗುವ ಬುಷ್ ಸವೆದಿದೆ ಅಷ್ಟೆ. ರಿಪೇರಿ ಅಂಗಡಿಯಲ್ಲಿ ಬುಷ್ಷೂ ಬ್ಲೇಡೂ ಹೊಸದು ಕೂರಿಸಿಕೊಡುತ್ತಾರೆ. ಅದಕ್ಕೆ ಸೋಮಾರಿತನ ಮಾಡಿ ಹಬ್ಬದ ಆಫರಿನಲ್ಲಿ ಮಿಕ್ಸಿಯನ್ನೇ ತಂದರೆ, ಹಳೆಯದರ ಮೂರು ಜಾರು ಹೊಸದರ ಮೇಲೆ ಕೂರುವುದಿಲ್ಲ, ಎಸೆಯಲು ಮನಸ್ಸೂ ಬರುವುದಿಲ್ಲ. ಕುಕ್ಕರಿನ ಬದಿಯಿಂದ ಹಬೆ ಹೋದರೆ ಅದೇ ಕಂಪನಿಯ, ಅದೇ ಲೀಟರಿನ ಗ್ಯಾಸ್ಕೆಟ್ ತನ್ನಿ. ವರ್ಷಕ್ಕೊಮ್ಮೆ ಬದಲಿಸಲೇಬೇಕಾದ ವಸ್ತು ಅದು. ಅದಕ್ಕಾಗಿ ಕುಕ್ಕರನ್ನೇ ತರುತ್ತಾರೆಯೇ?

ಹಿಂದೆ ಕಲಾಯಿಯವರು ಬೀದಿಗೇ ಬಂದು ತಿದಿ ಊದಿ, ನವಸಾಗರ ಎರಚಿ, ತವರ ಹಚ್ಚಿ ಹಿತ್ತಾಳೆ ಪಾತ್ರೆಯ ಒಳಮೈಯನ್ನು ಬೆಳ್ಳಿಯಂತೆ ಮಾಡಿಕೊಡುತ್ತಿದ್ದರು. ಚಾಕುವಿಗೆ ಸಾಣೆ ಹಿಡಿಯುವವರು, ಕೊಡೆ ರಿಪೇರಿಯವರು, ಒರಳು ಕುಟ್ಟುವವರು ಎಲ್ಲರೂ ಮನೆ ಬಾಗಿಲಿಗೇ ಬರುತ್ತಿದ್ದರು. ಹಾಗಾಗಿ ಹಳೇ ಪಾತ್ರೆಗಳು ಬಳಕೆಯಲ್ಲೇ ಇರುತ್ತಿದ್ದವು, ಅಟ್ಟ ಖಾಲಿ ಇರುತ್ತಿತ್ತು. ಈಗ ರಿಪೇರಿಯವರು ಬರುವುದಿಲ್ಲ, ಡೆಲಿವರಿಯವರು ದಿನಕ್ಕೆರಡು ಸಲ ಬರುತ್ತಾರೆ.

ಏನಾದರೂ ಬೇಕೆನ್ನಿಸಿದರೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದಲ್ಲಿ ಪೆನ್ಸಿಲಿನಿಂದ ಹೆಸರು ಬರೆದು ಮುಂದಿನ ಅಮಾವಾಸ್ಯೆ ದಾಟಿಸಿ. ಆಮೇಲೂ ಬೇಕೆನ್ನಿಸಿದರೆ ತನ್ನಿ. ಆದರೆ ರಟ್ಟಿನ ಪೆಟ್ಟಿಗೆ ಬಿಚ್ಚುವ ಮೊದಲು ಅದೇ ಕೆಲಸಕ್ಕಿದ್ದ ಹಳೆಯದು ಮನೆಯಿಂದ ಹೊರಗೆ ಹೋಗಿರಬೇಕು. ಪೆಟ್ಟಿಗೆಯನ್ನು ವಾಪಸು ಕೊಡುವ ಗಡುವು ಮುಗಿಯುವವರೆಗೆ ಮಾತ್ರ ಇಟ್ಟುಕೊಳ್ಳಿ, ಬಿಲ್ಲು ಮತ್ತು ವಾರಂಟಿ ಕಾರ್ಡು ಒಂದು ಕವರಿಗೆ ಹೋಗಲಿ. ಖಾಲಿ ಪೆಟ್ಟಿಗೆ ಜೋಡಿಸಿಡುವುದು ಜಿರಲೆಗೆ ಮನೆ ಕಟ್ಟಿಕೊಟ್ಟ ಹಾಗೆ.

ಈಗ ಕಾವಲಿಯ ವಿಷಯಕ್ಕೆ ಬರುತ್ತೇನೆ. ಕೆಳಗಿಳಿಸಿದ ಮೇಲೆ ಚಮಚದಿಂದ ಒಮ್ಮೆ ತಟ್ಟಿ ನೋಡಿ. ಗಂಟೆಯಂತೆ ಠಣ್ ಅಂದರೆ ಸರಿ, ಒಡಕು ಸದ್ದು ಬಂದರೆ ಎಲ್ಲೋ ಬಿರುಕಿದೆ, ಗುಜರಿಗೆ ಹಾಕಿ. ತುಕ್ಕನ್ನು ಕಂಡು ಹೆದರಬೇಡಿ. ಸಾರಿಗೆ ಹಿಂಡಿ ಉಳಿದ ಹುಣಸೆಹಣ್ಣಿನ ಗಸಿಗೆ ಒಂದು ಹಿಡಿ ಕಲ್ಲುಪ್ಪು ಬೆರೆಸಿ, ತೆಂಗಿನ ನಾರಿನಿಂದ ಗಸಗಸ ಉಜ್ಜಿ. ಹತ್ತು ನಿಮಿಷ ಹಾಗೇ ಬಿಟ್ಟು ಮತ್ತೆ ಉಜ್ಜಿ ತೊಳೆಯಿರಿ. ರಾತ್ರಿಯಿಡೀ ನೆನೆಸುವ ಜಾಣತನ ಬೇಡ, ಹುಳಿ ಕಬ್ಬಿಣವನ್ನೂ ತಿಂದು ಮೈ ತುಂಬ ಗುಳಿ ಬೀಳಿಸುತ್ತದೆ. ಕೆಂಪು ನೀರು ಬರುವುದು ನಿಲ್ಲುವವರೆಗೆ ಎರಡು ಮೂರು ಸಲ ಮಾಡಿ. ಗಟ್ಟಿಯಾಗಿ ಕೂತ ಕರಿಬಣ್ಣ ಇದ್ದರೆ ಇರಲಿ, ಕೆಂಪು ಹೋಗಬೇಕು. ಗಸಿ ಉಳಿದರೆ ದೇವರ ಮನೆಯ ಹಿತ್ತಾಳೆ ದೀಪಕ್ಕೆ ಹಚ್ಚಿ. ಆದರೆ ದೀಪ ತೊಳೆದ ತಕ್ಷಣ ಒಣ ಬಟ್ಟೆಯಲ್ಲಿ ಒರೆಸಬೇಕು. ತೊಳೆದು ಬೋರಲು ಹಾಕಿ ಬಂದುಬಿಡುತ್ತೀರಿ, ಸಂಜೆಗೆ ನೀರಿನ ಕಲೆ ಕಪ್ಪಗೆ ಕೂತಿರುತ್ತದೆ.

ತೊಳೆದ ಕಾವಲಿಯನ್ನು ಒರೆಸಿದ ಕೂಡಲೇ ಒಲೆಯ ಮೇಲಿಡಿ. ನಿಮಿಷಗಳಲ್ಲೇ ಮತ್ತೆ ಕೆಂಪು ತಿರುಗುತ್ತದೆ, ತಡ ಮಾಡಬಾರದು. ಹಸಿ ಪೂರ್ತಿ ಆರಿ ಕೈಗೆ ಬಿಸಿ ತಾಗಿದಾಗ ಕಡಲೆಕಾಯಿ ಎಣ್ಣೆಯನ್ನೋ ಎಳ್ಳೆಣ್ಣೆಯನ್ನೋ ಐದಾರು ಹನಿ ಹಾಕಿ, ಹತ್ತಿ ಬಟ್ಟೆಯಿಂದ ಮೇಲೆ, ಕೆಳಗೆ, ಅಂಚಿಗೆ, ಹಿಡಿಗೆ ಎಲ್ಲಕ್ಕೂ ಸವರಿ. ಆಮೇಲೆ ಒಣ ಬಟ್ಟೆ ತೆಗೆದುಕೊಂಡು, ಹಚ್ಚಿದ್ದೇ ತಪ್ಪಾಯಿತು ಅನ್ನುವ ಹಾಗೆ ಅಷ್ಟನ್ನೂ ಒರೆಸಿಬಿಡಿ. ಎಲ್ಲರೂ ತಪ್ಪುವುದು ಇಲ್ಲೇ. ಕಣ್ಣಿಗೆ ಕಾಣದಷ್ಟು ತೆಳುವಾಗಿ ಉಳಿದ ಎಣ್ಣೆ ಕಾದು ಗಟ್ಟಿಯಾಗಿ ಕಬ್ಬಿಣಕ್ಕೆ ಕಚ್ಚಿಕೊಳ್ಳುತ್ತದೆ, ದೋಸೆ ಎದ್ದು ಬರುವುದು ಆ ಪದರದಿಂದ. ಧಾರಾಳವಾಗಿ ಸುರಿದರೆ ಅಂಟುಜಿಡ್ಡಾಗಿ ಹಿಟ್ಟನ್ನು ಹಿಡಿದಿಡುತ್ತದೆ. ಈ ಕೆಲಸಕ್ಕೆ ಕೊಬ್ಬರಿ ಎಣ್ಣೆ, ತುಪ್ಪ ಬೇಡ, ಅವು ಹಾಗೆ ಗಟ್ಟಿ ಕಟ್ಟುವುದಿಲ್ಲ.

ಕಿಟಕಿ ತೆಗೆದು ಉರಿ ಜೋರು ಮಾಡಿ. ಹೊಗೆ ಎದ್ದು, ತಾನಾಗಿ ನಿಲ್ಲುವವರೆಗೆ ಕಾಯಿಸಿ. ಗ್ಯಾಸಿನ ಉರಿ ನಡುವಿಗೆ ಮಾತ್ರ ತಾಗುವುದರಿಂದ ಕಾವಲಿಯನ್ನು ಆಗಾಗ ಸರಿಸಿ ಅಂಚುಗಳನ್ನೂ ಉರಿಯ ಮೇಲೆ ತನ್ನಿ. ಆರಲು ಬಿಡಿ, ಮತ್ತೆ ಹನಿ ಎಣ್ಣೆ, ಮತ್ತೆ ಒರೆಸು, ಮತ್ತೆ ಹೊಗೆ. ನಾಲ್ಕೈದು ಸಲ ಆಗಲೇಬೇಕು. ಕೊನೆಗೆ ಮೈಯೆಲ್ಲ ಒಂದೇ ಸಮ ಕಪ್ಪಾಗಿ, ಬೆರಳಾಡಿಸಿದರೆ ನುಣುಪಾಗಿ, ಜಿಡ್ಡಿಲ್ಲದೆ ಇರಬೇಕು.

ದೋಸೆಗೆ ಮುಂಚೆ ಈರುಳ್ಳಿಯನ್ನು ಬೇರಿನ ಕಡೆ ಕತ್ತರಿಸದೆ ಅರ್ಧ ಮಾಡಿ, ಫೋರ್ಕಿಗೆ ಚುಚ್ಚಿ, ಎಣ್ಣೆಯಲ್ಲದ್ದಿ ಮೈಯೆಲ್ಲ ತಿಕ್ಕಿ. ನೀರು ಚಿಮುಕಿಸಿದರೆ ಹನಿ ಚುರ್ ಅಂದು ಮಾಯವಾಗಬೇಕು. ಮಾಯವಾಗದೆ ಗುಂಡಗಾಗಿ ಕುಣಿದು ಉರುಳಾಡಿದರೆ ಕಾವು ಹೆಚ್ಚಿದೆ, ಹಿಟ್ಟು ಹರಡುವಾಗ ಸೌಟಿಗೇ ಸುತ್ತಿಕೊಂಡು ಬರುತ್ತದೆ. ಚಿಮುಕಿಸಿ ಅಂದೆ, ಸುರಿಯಿರಿ ಅಂದಿಲ್ಲ. ಕಾದ ಬೀಡಿನ, ಅಂದರೆ ಎರಕದ ಕಬ್ಬಿಣದ, ಮೇಲೆ ತಣ್ಣೀರು ಸುರಿದರೆ ಬಿರಿಯುತ್ತದೆ. ಮೊದಲ ಮೂರು ನಾಲ್ಕು ದೋಸೆ ದಪ್ಪಗೆ, ಉತ್ತಪ್ಪದ ಹಾಗೆ ಹುಯ್ದು ಎಣ್ಣೆ ಬಿಡಿ. ಒಂದೆರಡು ಹರಿದರೆ ಹರಿಯಲಿ. ಬೆಲ್ಲದ ದೋಸೆ ಒಂದು ತಿಂಗಳು ಬೇಡ, ಸಿಹಿ ಸೀದು ಅಂಟುತ್ತದೆ.

ಇಷ್ಟೆಲ್ಲ ಮಾಡಿ ಅದೇ ಕಾವಲಿಯಲ್ಲಿ ಚಪಾತಿ ಸುಡುವವರಿಗೆ ಏನು ಹೇಳಲಿ! ಒಣ ಹಿಟ್ಟು ಸೀದು ಕೂರುತ್ತದೆ, ಅದನ್ನು ಕೆರೆಯುವಾಗ ಪದರವೂ ಕಿತ್ತುಬರುತ್ತದೆ. ಚಪಾತಿಗೆ ಬೇರೆ ತವಾ ಇರಲಿ. ಸ್ಟೀಲ್ ನಾರು, ಸಿಂಕಿನಲ್ಲಿ ನೆನೆಹಾಕುವುದು, ಟೊಮೆಟೊ ಗೊಜ್ಜು ಕುದಿಸುವುದು, ಮೂರೂ ಕೂಡದು.

ನಾನ್‌ಸ್ಟಿಕ್ ಯಾಕೆ ಬೇಗ ಹಾಳಾಗುತ್ತದೆ ಗೊತ್ತೇ? ಅದರ ಪದರ ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೆಡತೊಡಗುತ್ತದೆ. ದೋಸೆಗೆಂದು ಖಾಲಿ ತವಾವನ್ನು ಜೋರು ಉರಿಯಲ್ಲಿ ಕೆಲವು ನಿಮಿಷ ಬಿಟ್ಟರೆ ಆ ಕಾವು ಬಂದುಬಿಡುತ್ತದೆ. ಅದರ ಮೇಲೆ ಸ್ಟೀಲ್ ಮಗುಚೋ ಕೈ ಆಡಿಸಿದರೆ ಕೇಳಬೇಕೇ? ಪದರ ಎದ್ದವನ್ನೆಲ್ಲ ಈ ಭಾನುವಾರವೇ ಹಳೇ ಪೇಪರಿನ ಜೊತೆ ಗುಜರಿಗೆ ಕೊಡಿ, ಅಲ್ಯೂಮಿನಿಯಮ್ಮಿಗೆ ತೂಕದ ಲೆಕ್ಕದಲ್ಲಿ ದುಡ್ಡು ಬರುತ್ತದೆ. ಕಾವಲಿಯನ್ನು ಬಳಸಿದ ಮೇಲೆ ಬಿಸಿ ಇರುವಾಗಲೇ ಒರೆಸಿ, ಒಂದು ಹನಿ ಎಣ್ಣೆ ಸವರಿ, ಒಲೆಯ ಪಕ್ಕದ ಗೋಡೆಯಲ್ಲಿ ಗಟ್ಟಿ ಮೊಳೆ ಹೊಡೆದು ತೂಗುಹಾಕಿ. ಮತ್ತೆ ಅಟ್ಟಕ್ಕೆ ಏರಿಸಬೇಡಿ.